ಹಗುರ ಟ್ರಿಗರ್

ಗದಗಿನ ಹೈಸ್ಕೂಲಿನಲ್ಲಿ ಶಿವಪುತ್ರಪ್ಪ ಮಾಸ್ತರರು ಕಲಿಸುತ್ತಿದ್ದದ್ದು ಗಣಿತ. ಆದರೆ ಅವರ ಕೈಯಲ್ಲಿ ಕಲಿತವರಿಗೆ ಅವರು ನೆನಪಿರುವುದು ಎನ್‌ಸಿಸಿ ಮಾಸ್ತರರಾಗಿ. ಕ್ಯಾಂಪಿನಲ್ಲಿ ಹುಡುಗರನ್ನು ಹೊಟ್ಟೆಯ ಮೇಲೆ ಮಲಗಿಸಿ, ಪಾಯಿಂಟ್ ಟೂ ಟೂ ರೈಫಲ್ ಕೈಗೆ ಕೊಟ್ಟು, "ಜಗ್ಗಬ್ಯಾಡ್ರೋ, ಮೆಲ್ಲಕ ಒತ್ರಿ. ಗುಂಡು ಯಾವಾಗ ಹೋತು ಅನ್ನೋದು ನಿಮಗ ಗೊತ್ತಾಗಬಾರದು" ಎನ್ನುತ್ತ ಅವರ ಹಿಂದೆ ಓಡಾಡುತ್ತಿದ್ದರು. ನಿವೃತ್ತಿಯಾಗುವವರೆಗೂ ಅವರ ಸಾಲಿನಲ್ಲಿ ಒಂದು ಗುಂಡೂ ತಪ್ಪು ದಿಕ್ಕಿಗೆ ಹೋಗಿರಲಿಲ್ಲ. ಇದನ್ನು ಅವರು ತಾವಾಗಿ ಹೇಳಿಕೊಳ್ಳುತ್ತಿರಲಿಲ್ಲ. ಯಾರಾದರೂ ಕೇಳಿದರೆ ಮಾತ್ರ ಖುಷಿಯಿಂದ ಹೇಳುತ್ತಿದ್ದರು.

ಮಗಳು ಶೀತಲ್ ಅಮೆರಿಕದ ಪ್ರಜೆಯಾದ ಮೇಲೆ ಅಪ್ಪ ಅವ್ವನಿಗೆ ಗ್ರೀನ್ ಕಾರ್ಡ್ ಮಾಡಿಸಿ, ಡಲ್ಲಾಸ್ ಪಕ್ಕದ ಕಾಪೆಲ್‌ಗೆ ಕರೆಸಿಕೊಂಡಳು. ಅವಳ ಗಂಡ ಚಿದಾನಂದ ಹುಬ್ಬಳ್ಳಿಯವನು, ಅಲ್ಲೇ ಸ್ವಂತ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದ. ಒಳ್ಳೆಯ ಅಳಿಯ. ಆದರೆ ಮಾವನಿಗೂ ಅವನಿಗೂ ಮಾತಿಗೆ ವಿಷಯವೇ ಇರಲಿಲ್ಲ. "ಊಟ ಆತ್ರಿ?" "ಆತ್ರಿ." "ವಾಕಿಂಗ್ ಹೋಗಿದ್ರಿ?" "ಹೋಗಿದ್ದೆ." ಅಷ್ಟಕ್ಕೆ ಇಬ್ಬರೂ ಟಿವಿ ಕಡೆ ತಿರುಗುತ್ತಿದ್ದರು.

ಅವರಿಬ್ಬರನ್ನು ಮಾತಿಗೆ ಕೂಡಿಸಿದ್ದು ರೈಫಲ್.

2016ರ ಚಳಿಗಾಲದಲ್ಲಿ ಚಿದಾನಂದ ಒಂದು ಟ್ವೆಂಟಿ ಟೂ ಸೆಮಿ ಆಟೊಮ್ಯಾಟಿಕ್ ರೈಫಲ್ ತಂದಿದ್ದ, ಒಂದು ಗುಂಡು ಹೋದ ಕೂಡಲೇ ಮುಂದಿನದು ತಾನಾಗಿ ಏರುವಂಥದ್ದು. ಮೊದಮೊದಲು ಅದೊಂದು ಸಾದಾ ಬಂದೂಕು. ಆಮೇಲೆ ಅವನಿಗೆ ಹುಚ್ಚು ಹಿಡಿಯಿತು. ಹಳೆಯ ನಳಿಗೆ ತೆಗೆದು ದಪ್ಪ ನಳಿಗೆ ಹಾಕಿದ. ಮರದ ಹಿಡಿಕೆ ಹೋಗಿ ಹೆಬ್ಬೆರಳಿಗೆ ತೂತಿರುವ ಹಿಡಿಕೆ ಬಂತು. ಮೇಲೆ ದೊಡ್ಡ ಟೆಲಿಸ್ಕೋಪ್ ಕೂತಿತು. ಕಡೆಗೆ ಇಂಟರ್ನೆಟ್ಟಿನಲ್ಲಿ ವಿಡಿಯೋ ನೋಡಿಕೊಂಡು ಟ್ರಿಗರ್ ಒಳಗಿನ ಕೊಕ್ಕೆಯನ್ನು ಗ್ಯಾರೇಜಿನಲ್ಲಿ ತಾನೇ ಅರದಿಂದ ತೀಡಿದ. ಒಂದು ಸಂಜೆ ಮಾವನನ್ನು ಗ್ಯಾರೇಜಿಗೆ ಕರೆದು ಗುರಿಯ ಕಾಗದ ತೋರಿಸಿದ.

"ನೋಡ್ರಿ ಮಾವಾರ. ಐವತ್ತು ಗಜ. ಐದೂ ಗುಂಡು ಒಂದ ತೂತಿನ್ಯಾಗ."

ಮಾಸ್ತರರು ಕನ್ನಡಕ ಹಣೆಗೇರಿಸಿ ಕಾಗದವನ್ನು ಬೆಳಕಿಗೆ ಹಿಡಿದರು. ಗುಂಡುಗಳು ಎಷ್ಟು ಒತ್ತಾಗಿ ಬಿದ್ದಿದ್ದವು ಎಂದರೆ ಅದರ ಮೇಲೆ ಒಂದು ನಾಣ್ಯ ಇಟ್ಟರೆ ಪೂರಾ ಮುಚ್ಚಿಹೋಗುತ್ತಿತ್ತು. "ಛಲೋ ಗ್ರೂಪಿಂಗ್ ರೀ ಅಳಿಯಂದಿರ! ಇಂಥಾದ್ದು ನಾ ಕ್ಯಾಂಪಿನ್ಯಾಗೂ ನೋಡಿಲ್ಲ" ಎಂದರು. ಚಿದಾನಂದನ ಮುಖ ಅರಳಿತು. ಖಾಲಿ ರೈಫಲ್ ಕೈಗೆ ತೆಗೆದುಕೊಂಡು ಮಾಸ್ತರರು ಟ್ರಿಗರ್ ಒತ್ತಿದರು. ಬೆರಳು ತಾಗಿಸುವುದೇ ತಡ, ಟಿಕ್ ಎಂದಿತು.

"ಭಾಳ ಹಗುರ ಮಾಡೀರಿ."

"ಮ್ಯಾಚಿಗೆ ಹಿಂಗ ಬೇಕಾಗತೈತ್ರಿ. ಇದನ್ನ ಹಗುರ ಮಾಡಿದ ಮ್ಯಾಲ ನನ್ನ ಗ್ರೂಪಿನ ಅಗಲ ಅರ್ಧಕ್ಕ ಇಳದೈತಿ."

ಆವತ್ತಿನಿಂದ ಇಬ್ಬರಿಗೂ ಮಾತು ಸಾಲದಾಯಿತು. ಉಸಿರು ಎಲ್ಲಿ ಹಿಡಿಯಬೇಕು, ಗಾಳಿ ಎಡದಿಂದ ಬಂದರೆ ಏನು ಮಾಡಬೇಕು ಎಂದು ಊಟದ ಮೇಜಿನಲ್ಲೂ ಅದೇ ಮಾತು. ಮಾರ್ಚಿನಲ್ಲಿ ಮೊಮ್ಮಗಳು ಪ್ರೇರಣಾ ಹುಟ್ಟಿದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುತ್ತ ಕೂತಾಗಲೂ ಅದನ್ನೇ ಮಾತಾಡಿ, ಆಮೇಲೆ ಶೀತಲ್‌ಳಿಂದ ಬೈಸಿಕೊಂಡರು.

ಮೇ ತಿಂಗಳಲ್ಲಿ ಒಂದು ಶನಿವಾರ ಬೆಳಿಗ್ಗೆ ಚಿದಾನಂದ ಮಾವನನ್ನು ಗುರಿ ಹೊಡೆಯುವ ರೇಂಜಿಗೆ ಕರೆದೊಯ್ದ. ಊರಾಚೆಯ ಬಯಲಿನಲ್ಲಿ ತಗಡಿನ ಚಪ್ಪರ, ಅದರ ಕೆಳಗೆ ಸಾಲಾಗಿ ಕಾಂಕ್ರೀಟಿನ ಮೇಜುಗಳು, ಎದುರಿಗೆ ಮಣ್ಣಿನ ದಿಬ್ಬ. ಮಾಸ್ತರರು ಮರಳುಚೀಲದ ಮೇಲೆ ರೈಫಲ್ ಇಟ್ಟು ಕೆನ್ನೆ ಒತ್ತಿದಾಗ ಎಷ್ಟೋ ವರ್ಷಗಳ ಮೇಲೆ ಅವರ ಬೆನ್ನು ನೆಟ್ಟಗಾಯಿತು. ಒಂದೊಂದೇ ಗುಂಡು ಹೊಡೆದರು. ಪಕ್ಕದಲ್ಲಿ ಬೇರೊಂದು ದುರ್ಬೀನಿನಲ್ಲಿ ಗುರಿಯನ್ನು ನೋಡುತ್ತಿದ್ದ ಚಿದಾನಂದ, "ಅಬ್ಬಾ ಮಾವಾರ, ನನ್ನ ರೆಕಾರ್ಡ್ ಮುರೀತೀರಿ ನೀವು!" ಎಂದು ಕೂಗಿದ.

ಮಾಸ್ತರರಿಗೆ ಚೀಲ ಸ್ವಲ್ಪ ಹಿಂದೆ ಬೇಕಿತ್ತು. ಟ್ರಿಗರಿನಿಂದ ಬೆರಳು ತೆಗೆದು, ಎಡಗೈಯಿಂದ ಚೀಲ ಎಳೆದುಕೊಳ್ಳಲು ರೈಫಲಿನ ಹಿಂಭಾಗವನ್ನು ಮೇಜಿನ ಮೇಲೆ ಊರಿದರು. ನಳಿಗೆ ಮೇಲಕ್ಕೆದ್ದಿತು. ಊರಿದ ಪೆಟ್ಟಿಗೇ ಗುಂಡು ಢಮ್ಮೆಂದು ಹಾರಿತು. ತಲೆಯ ಮೇಲಿನ ತಗಡಿನಲ್ಲಿ ತೂತು ಬಿತ್ತು. ಪಕ್ಕದ ಮೇಜಿನ ಹೆಂಗಸು ಚೀರಿ ಕೆಳಗೆ ಕೂತಳು.

ರೇಂಜ್ ಆಫೀಸರ್ ಎಲ್ಲರನ್ನೂ ನಿಲ್ಲಿಸಿ ಓಡಿಬಂದ. ಕೆಂಪು ಟೊಪ್ಪಿಗೆಯ ದಪ್ಪ ಮನುಷ್ಯ. ರೈಫಲ್ ಕಿತ್ತುಕೊಂಡು ಖಾಲಿ ಮಾಡಿ, ಯಾರ ಕೈಯಲ್ಲಿತ್ತು ಎಂದು ಕೇಳಿದ. ಚಿದಾನಂದ ಮುಂದೆ ಬಂದು ಇಂಗ್ಲಿಷಿನಲ್ಲಿ ಹೇಳಿದ:

"ಕ್ಷಮಿಸಿ. ಇವರು ನಮ್ಮ ಮಾವ. ವಯಸ್ಸಾಗಿದೆ, ಕೈ ನಡುಗುತ್ತದೆ."

ಮಾಸ್ತರರಿಗೆ ಅಷ್ಟು ಇಂಗ್ಲಿಷ್ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ತಮ್ಮ ಕೈಗಳನ್ನು ನೋಡಿಕೊಂಡರು. ಹೌದು, ನಡುಗುತ್ತಿದ್ದವು.

ಆಫೀಸರ್ ಕೂಗಾಡಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ, ಗುಂಡು ಹಾರಿಸುವ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಬೆರಳು ಎಲ್ಲಿರಬೇಕು ಎಂದು ತನ್ನ ಬೆರಳು ಎತ್ತಿ ತೋರಿಸಿದ. ಮೂವತ್ತು ವರ್ಷ ಮಾಸ್ತರರು ಹುಡುಗರಿಗೆ ಹೇಳಿಕೊಟ್ಟ ಪಾಠ ಅದು. ಇನ್ನು ಮುಂದೆ ಈ ಹಿರಿಯರನ್ನು ಇಲ್ಲಿಗೆ ಕರೆತರಬೇಡಿ ಎಂದ. ಮಾಸ್ತರರು ಆ ಹೆಂಗಸಿನ ಹತ್ತಿರ ಹೋಗಿ ಕೈಮುಗಿದು "ಸಾರಿ ಅಮ್ಮಾ, ಸಾರಿ" ಎಂದರು. ಅವಳು ಮುಖ ತಿರುಗಿಸಿಕೊಂಡಳು.

ಕಾರಿನಲ್ಲಿ ಅವರೇ ಮಾತು ತೆಗೆದರು. "ಬೆರಳು ತಗದಿದ್ದೆ ಅಂತ ಅನಸ್ತೈತ್ರಿ ನನಗ. ಸೇಫ್ಟಿ ಕೀಲಿ ಹಾಕಲಿಲ್ಲ, ಅದು ನನ್ನ ತಪ್ಪು. ಹಳೇ ಬೋಲ್ಟ್ ರೈಫಲಿನ ರೂಢಿ, ಅದರಾಗ ಕೈಲೆ ಬೋಲ್ಟ್ ಎಳದರ ಮಾತ್ರ ಮುಂದಿನ ಗುಂಡು ಏರತೈತಿ. ಆದ್ರ ಬೆರಳು ತಗದಿದ್ದೆ."

"ಹೋಗ್ಲಿ ಬಿಡ್ರಿ ಮಾವಾರ," ಎಂದ ಚಿದಾನಂದ, ರಸ್ತೆ ನೋಡುತ್ತ. "ಆಗತೈತಿ. ಯಾರಿಗೂ ಏನೂ ಆಗಲಿಲ್ಲಲ್ಲ."

ಬೆರಳು ತೆಗೆದಿದ್ದೆನೋ ಇಲ್ಲವೋ? ಹಾಸಿಗೆಯಲ್ಲಿ, ಸ್ನಾನದ ಮನೆಯಲ್ಲಿ, ಪಾರ್ಕಿನ ಬೆಂಚಿನಲ್ಲಿ ಮಾಸ್ತರರು ಆ ಗಳಿಗೆಯನ್ನು ಮತ್ತೆ ಮತ್ತೆ ಆಡಿಸಿ ನೋಡಿದರು. ಮೊದಮೊದಲು ಬೆರಳು ಹೊರಗಿತ್ತು. ಯೋಚಿಸಿದಷ್ಟೂ ಅದು ಒಳಗೆ ಸರಿಯಿತು. ಕಡೆಗೆ ಟ್ರಿಗರಿನ ತಣ್ಣನೆಯ ಉಕ್ಕು ಬೆರಳಿಗೆ ತಾಗಿದ್ದೂ ನೆನಪಾಗತೊಡಗಿತು.

ದಿನಾ ಬೆಳಿಗ್ಗೆ ಅವರ ಹೆಂಡತಿ ಗುರವ್ವ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಬಟ್ಟೆ ಸುತ್ತಿ ಗಂಡನ ಕೈಗೆ ಕೊಡುತ್ತಿದ್ದಳು. ಆ ವಾರ ಅವರು ಕೈ ಚಾಚಲಿಲ್ಲ.

"ಹಿಡಕೊಳ್ರಿ, ನನ್ನ ಕೈಯೆಲ್ಲಾ ಎಣ್ಣಿ ಆಗೇತಿ."

"ತೊಟ್ಟಲದಾಗ ಹಾಕು."

"ಯಾಕ್ರಿ? ಅಳಾಕತ್ತೇತಿ ನೋಡ್ರಿ."

"ಹಾಕು ಅಂದೆ. ನನ್ನ ಕೈ ಮ್ಯಾಲ ನನಗ ನಂಬಿಗಿಲ್ಲ."

ಅವರು ಬಿಸಿ ಚಹಾದ ಕಪ್ಪನ್ನೂ ಎರಡು ಕೈಯಲ್ಲಿ ಹಿಡಿಯತೊಡಗಿದರು. ತರಕಾರಿ ಹೆಚ್ಚುವುದನ್ನು ಬಿಟ್ಟರು. ಶೀತಲ್‌ಗೆ ಗಾಬರಿಯಾಯಿತು. "ರೀ, ನೀವ ಇದರ ಡಾಕ್ಟರ್ ಇದ್ದಂಗ ಅಲ್ಲ? ಅಪ್ಪಾಜಿ ಕೈ ಒಮ್ಮೆ ನೋಡ್ರಿ" ಎಂದು ಗಂಡನನ್ನು ಹಿಡಿದು ಕೂರಿಸಿದಳು.

ಚಿದಾನಂದ ಮಾವನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಬೆರಳು ಮಡಿಸಿ ನೋಡಿದ, ಬಿಡಿಸಿ ನೋಡಿದ, ತನ್ನ ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿದ. ಮಾಸ್ತರರು ಆಸೆಯಿಂದ ಅವನ ಮುಖವನ್ನೇ ನೋಡುತ್ತಿದ್ದರು. ಶೀತಲ್ ಬಾಗಿಲಲ್ಲಿ ನಿಂತಿದ್ದಳು.

"ಸ್ವಲ್ಪ ವೀಕ್ ಆಗ್ಯಾವು," ಎಂದ ಚಿದಾನಂದ, ತಲೆ ಎತ್ತದೆ. "ವಯಸ್ಸಿಗೆ ಸಹಜ. ದಿನಾ ಎಕ್ಸರ್ಸೈಜ್ ಮಾಡ್ರಿ." ಕ್ಲಿನಿಕ್ಕಿನಿಂದ ಒಂದು ರಬ್ಬರಿನ ಚೆಂಡು ತಂದುಕೊಟ್ಟ. ಮಾಸ್ತರರು ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ಒತ್ತುತ್ತ ಕೂರುತ್ತಿದ್ದರು. ಅಳಿಯ ಮನೆಗೆ ಬಂದಾಗ ಅವರು ಚೆಂಡು ಒತ್ತುವುದು ಕಂಡರೆ ನೇರ ಮಹಡಿ ಹತ್ತಿಹೋಗುತ್ತಿದ್ದ. ಸಂಜೆ ಮಾತು ಮತ್ತೆ "ಊಟ ಆತ್ರಿ?" ಗೆ ಬಂದು ನಿಂತಿತು. ತಮ್ಮನ್ನು ಕರೆದೊಯ್ದು ಅಳಿಯನಿಗೆ ಜನರೆದುರು ಅವಮಾನವಾಯಿತು, ಅದಕ್ಕೇ ಮಾತಾಡುತ್ತಿಲ್ಲ ಎಂದುಕೊಂಡರು ಮಾಸ್ತರರು.

ಸುದ್ದಿ ಹಬ್ಬಿತು. ಜುಲೈನಲ್ಲಿ ಎಲ್ಲರೂ ಹ್ಯೂಸ್ಟನ್ನಿಗೆ ಹೋದಾಗ ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ಭೀಮಸೇನ ಬಾಗಿಲಲ್ಲೇ ಕೈಯೆತ್ತಿ ನಿಂತ. "ಬರ್ರಿ ಮಾಸ್ತರ! ಬಂದೂಕು ಕಾರಿನ್ಯಾಗ ಬಿಟ್ಟ ಬಂದೀರಿಲ್ಲೋ? ನಮ್ಮ ಅಂಗಡಿ ಮಾಳಗಿ ಹೊಸಾದೈತ್ರೆಪಾ!" ಅವನು ಛಾವಣಿಯತ್ತ ಬೆರಳು ತೋರಿಸಿದ, ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಾಸ್ತರರೂ ನಗಬೇಕೆಂದು ಬಾಯಿ ತೆರೆದರು. ಆಮೇಲೆ, ಇಲ್ಲಿ ಉಸಿರು ಕಟ್ಟುತ್ತದೆ ಎಂದು ಹೆಂಡತಿಗೆ ಹೇಳಿ, ಆ ಸುಡುಬಿಸಿಲಿನಲ್ಲಿ ಹೊರಗೆ ಹೋಗಿ ನಿಂತರು. ಸೀರೆ ಆರಿಸಿ ಮುಗಿಯುವವರೆಗೂ ಒಳಗೆ ಬರಲಿಲ್ಲ.

ಚಿದಾನಂದನ ತಮ್ಮ ವಿಜಯ್ ಆಸ್ಟಿನ್ ಹತ್ತಿರದ ಜಾರ್ಜ್‌ಟೌನ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದ. ಸೆಪ್ಟೆಂಬರಿನಲ್ಲಿ ಎಲ್ಲರನ್ನೂ ಕರೆದ. ಅವನ ಮನೆಯ ಹತ್ತಿರದ ಕ್ಲಬ್ಬಿನಲ್ಲಿ ಟ್ವೆಂಟಿ ಟೂ ರೈಫಲಿನ ಸಣ್ಣ ಪಂದ್ಯವೂ ಇತ್ತು. ಅಣ್ಣನ ಹೆಸರನ್ನು ವಿಜಯನೇ ಕೊಟ್ಟಿದ್ದ. ಮಾಸ್ತರರು ಬರುವುದಿಲ್ಲ ಎಂದರು. "ಬರ್ರಿ ಕಾಕಾ, ಹಿಂದ ನೆರಳಾಗ ಕುಂತು ನೋಡ್ರಿ, ಬಂದೂಕು ಯಾರೂ ನಿಮ್ಮ ಕೈಗೆ ಕೊಡಂಗಿಲ್ಲ" ಎಂದು ವಿಜಯ್ ತಮಾಷೆ ಮಾಡಿಕೊಂಡೇ ಹೊರಡಿಸಿದ. ಹೆಂಗಸರು ಕೂಸಿನೊಂದಿಗೆ ಮನೆಯಲ್ಲುಳಿದರು.

ಪಂದ್ಯಕ್ಕೆ ಮೊದಲು ಪ್ರತಿಯೊಬ್ಬರ ರೈಫಲನ್ನೂ ತಪಾಸಣೆ ಮಾಡುತ್ತಿದ್ದರು. ಮೇಜಿನ ಹಿಂದೆ ಬಿಳಿ ಕೂದಲಿನ ಒಬ್ಬ ಹೆಂಗಸು ಕೂತಿದ್ದಳು. ಚಿದಾನಂದನ ರೈಫಲ್ ತೆಗೆದುಕೊಂಡು, ಚಂದ ಮಾಡಿಸಿದ್ದೀರಿ ಎಂದಳು. "ನಮ್ಮಣ್ಣ ತಾನೇ ಮಾಡಿದ್ದು!" ಎಂದ ವಿಜಯ್. ಅವಳು ಒಳಗೆ ಗುಂಡಿಲ್ಲ ಎಂದು ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಂಡಳು. ಬೋಲ್ಟ್ ಎಳೆದು ಬಿಟ್ಟಳು, ಸೇಫ್ಟಿ ತೆಗೆದಳು. ಟ್ರಿಗರ್ ಮುಟ್ಟದೆ ರೈಫಲಿನ ಹಿಂಭಾಗವನ್ನು ನೆಲದ ರಬ್ಬರ್ ಮ್ಯಾಟಿನ ಮೇಲೆ ಮೆಲ್ಲಗೆ ಕುಟ್ಟಿದಳು.

ಟಿಕ್.

ಅವಳ ಹುಬ್ಬು ಗಂಟಾಯಿತು. ಮತ್ತೆ ಎಳೆದು ಕುಟ್ಟಿದಳು. ಮತ್ತೆ ಟಿಕ್.

ಹಿಂದಿನ ಬೆಂಚಿನಲ್ಲಿದ್ದ ಮಾಸ್ತರರು ಎದ್ದು ನಿಂತರು. ಆ ಸದ್ದು ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಳಗೆ ಗುಂಡು ಇದ್ದಿದ್ದರೆ ಹಾರುತ್ತಿತ್ತು. ಬೆರಳು ಎಲ್ಲೇ ಇರಲಿ, ಹಾರುತ್ತಿತ್ತು.

"ಇದನ್ನು ಒಳಗೆ ಬಿಡಲಾರೆ," ಎಂದಳು ಆ ಹೆಂಗಸು. "ಟ್ರಿಗರನ್ನು ಮಿತಿಮೀರಿ ತೀಡಿದ್ದೀರಿ. ಪೆಟ್ಟು ಬಿದ್ದರೆ ಸಾಕು, ತಾನಾಗಿ ಹಾರುತ್ತದೆ. ಹಿಂದೆ ಯಾವಾಗಲಾದರೂ ಹಾಗಾಗಿತ್ತೇ?"

"ಇಲ್ಲ, ಇಲ್ಲ," ಎಂದ ವಿಜಯ್.

ಚಿದಾನಂದನ ಕಿವಿಗಳು ಕೆಂಪಾಗಿದ್ದವು. ಮಾಸ್ತರರು ಮೇಜಿನವರೆಗೆ ನಡೆದು ಬಂದು, ತಮ್ಮ ಶಾಲೆಯ ಇಂಗ್ಲಿಷಿನಲ್ಲಿ ಒಂದೊಂದೇ ಪದ ಜೋಡಿಸಿ ಹೇಳಿದರು:

"ಆಗಿತ್ತು ಮೇಡಂ. ಒಂದು ಸಲ. ನನ್ನ ಕೈಯಲ್ಲಿ."

ಆಮೇಲೆ ಅಳಿಯನ ಕಡೆ ತಿರುಗಿದರು. "ನಿಮಗ ಮೊದಲ ಗೊತ್ತಿತ್ತೇನ್ರಿ?"

ಇಲ್ಲ ಎಂದು ಹೇಳಲು ಅವನಿಗೆ ಸಾಕಷ್ಟು ಹೊತ್ತಿತ್ತು. ಮಾಸ್ತರರೂ ಅದನ್ನೇ ಕಾಯುತ್ತಿದ್ದರು. ಇಲ್ಲ ಎಂದಿದ್ದರೆ ಖಂಡಿತ ನಂಬುತ್ತಿದ್ದರು.

"ಗೊತ್ತಿತ್ರಿ," ಎಂದ ಚಿದಾನಂದ. "ನಿಮ್ಮನ್ನ ಕರಕೊಂಡು ಹೋಗೋಕಿಂತ ಮೊದಲ ಒಮ್ಮೆ, ಬೋಲ್ಟ್ ಬಿಟ್ಟ ಕೂಡ್ಲೆ ತಾನ ಹಾರಿತ್ತು. ನಳಗಿ ದಿಬ್ಬದ ಕಡೆ ಇತ್ತು. ಯಾರೂ ನೋಡಲಿಲ್ಲ."

"ಸರಿ ಮಾಡಸಬಾರದಿತ್ತೇನು?"

"ಹಳೇ ಟ್ರಿಗರ್ ಹಾಕಿದ್ರ ಗ್ರೂಪ್ ಮತ್ತ ದೊಡ್ಡದಾಗ್ತಿತ್ರಿ."

ವಿಜಯ್ ಕಾಲಿನ ಹತ್ತಿರದ ಹುಲ್ಲು ನೋಡುತ್ತಿದ್ದ. ಆ ಹೆಂಗಸಿಗೆ ಕನ್ನಡ ಬಾರದಿದ್ದರೂ ಏನೋ ತಿಳಿದಂತಾಗಿ, ರೈಫಲನ್ನು ಚೀಲದಲ್ಲಿಟ್ಟು ತಾನೇ ಜಿಪ್ ಎಳೆದುಕೊಟ್ಟಳು.

ಮಾಸ್ತರರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಮ್ಮ ಕೈಗಳನ್ನು ಅಳಿಯ ತನ್ನ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ ಆ ಸಂಜೆ ನೆನಪಾಯಿತು. ಒಂದೊಂದೇ ಬೆರಳು ಮಡಿಸಿ ನೋಡಿದ್ದ. ಅವನ ಪರವಾಗಿ ಅವರಿಗೇ ನಾಚಿಕೆಯಾಯಿತು, ಯಾರದೋ ಮನೆಯ ಬಾಗಿಲು ತಪ್ಪಿ ತೆರೆದು ನೋಡಬಾರದ್ದನ್ನು ನೋಡಿದ ಹಾಗೆ. ಕಾರಿನಲ್ಲಿ ಅವರು ಹಿಂದಿನ ಸೀಟಿನಲ್ಲಿ ಕೂತರು.

"ಶೀತಲ್‌ಗೆ ನೀವ ಹೇಳ್ತೀರೇನ್ರಿ?" ಎಂದು ಚಿದಾನಂದ ಕನ್ನಡಿಯಲ್ಲಿ ನೋಡುತ್ತ ಕೇಳಿದ.

"ನಾ ಹೇಳಂಗಿಲ್ಲ. ನನ್ನ ಮಗಳ ಮುಂದ ಆಕಿ ಗಂಡನ ಮ್ಯಾಲ ಚಾಡಿ ಹೇಳೂ ವಯಸ್ಸಲ್ಲ ನಂದು."

ವಿಜಯನ ಅಡುಗೆಮನೆಯಲ್ಲಿ ಗುರವ್ವ ರೊಟ್ಟಿ ಬಡಿಯುತ್ತಿದ್ದಳು. ಚಿದಾನಂದ ಒಳಗೆ ಹೋದವನೇ ನಿಂತಲ್ಲೇ ಎಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ, ಮಾವನ ಕೈ ಗಟ್ಟಿಯಿದ್ದೂ ಚೆಂಡು ಕೊಟ್ಟದ್ದನ್ನೂ. ಗುರವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಶೀತಲ್ ಒಲೆ ಆರಿಸಿದಳು.

"ಅಪ್ಪಾಜಿ ಕೈ ಹಿಡಕೊಂಡು ಕುಂತಾಗ ಒಂದೀಟರೆ ಏನೂ ಅನಸಲಿಲ್ಲೇನ್ರಿ ನಿಮಗ?"

"ಅನಸ್ತು."

"ಅನಿಸಿಯೂ ವೀಕ್ ಆಗ್ಯಾವು ಅಂದ್ರಿ."

ಗುರವ್ವ ಅಳಿಯನನ್ನು ಬೈಯಲಿಲ್ಲ, ಮಗಳನ್ನು ಸಮಾಧಾನ ಮಾಡಲಿಲ್ಲ. ಕೈ ತೊಳೆದುಕೊಂಡು ಹೊರಗೆ ಬಂದು, ಗಂಡನ ಪಕ್ಕದಲ್ಲಿ ಅವರಿಗೆ ತಾಗುವ ಹಾಗೆ ಕೂತಳು. "ನಾನೂ ನಿಮಗ ವಯಸ್ಸಾತು ಅಂತನ ತಿಳದಿದ್ದೆ" ಎಂದಳು.

ಮರುವಾರ ಚಿದಾನಂದ ರೈಫಲಿನಲ್ಲಿ ಹಳೆಯ ಟ್ರಿಗರ್ ಹಾಕಿಸಿ, ಅದನ್ನು ಬಂದೂಕಿನ ಅಂಗಡಿಯಲ್ಲೇ ಮಾರಾಟಕ್ಕೆ ಬಿಟ್ಟುಬಂದ. ರೇಂಜಿಗೂ ಹೋಗಿ ಕೆಂಪು ಟೊಪ್ಪಿಗೆಯವನಿಗೆ ನಿಜ ಹೇಳಿದ. ಆತ ಬರಬೇಡ ಎಂದದ್ದು ಈ ಸಲ ಅವನಿಗೇ. ಮಾಸ್ತರರು ಕೂಸನ್ನು ಎತ್ತಿಕೊಳ್ಳತೊಡಗಿದರು. ಆದರೆ ಮೊದಲಿನಂತಲ್ಲ. ಕೆಳಗೆ ದಿಂಬು ಹಾಕಿಕೊಂಡು, ಕೂತೇ ಎತ್ತಿಕೊಳ್ಳುತ್ತಿದ್ದರು. ಕೈ ಗಟ್ಟಿ ಇವೆ ಎಂದು ತಲೆಗೆ ತಿಳಿದಿತ್ತು, ಕೈಗೆ ಇನ್ನೂ ತಿಳಿದಿರಲಿಲ್ಲ.

ದೀಪಾವಳಿಗೆ ಕಾಪೆಲ್‌ನ ಕನ್ನಡದವರೆಲ್ಲ ಸೇರಿ ಬಾಡಿಗೆ ಹಾಲಿನಲ್ಲಿ ಊಟ ಇಟ್ಟುಕೊಂಡರು. ಭೀಮಸೇನ ಹ್ಯೂಸ್ಟನ್ನಿನಿಂದ ಸೀರೆಗಳ ಗಂಟು ಹೊತ್ತು ಬಂದಿದ್ದ. ಮಾಸ್ತರರು ಊಟಕ್ಕೆ ಕೂತದ್ದೇ ತಡ, "ಎಲ್ಲಾರೂ ಮಾಳಗಿ ಕಡೆ ಲಕ್ಷ್ಯ ಇಡ್ರೆಪಾ, ಮಾಸ್ತರು ಬಂದಾರ!" ಎಂದು ಕೂಗಿದ. ಉದ್ದದ ಮೇಜಿನ ಆ ತುದಿಯವರೆಗೂ ನಗೆ ಹರಿಯಿತು.

ಚಿದಾನಂದ ಹೋಳಿಗೆ ಬಡಿಸುತ್ತಿದ್ದ. ತಟ್ಟೆಯನ್ನು ಅಲ್ಲೇ ಮೇಜಿನ ಮೇಲಿಟ್ಟ.

"ಭೀಮಸೇನಣ್ಣ, ಅದು ಮಾವಾರ ತಪ್ಪಲ್ಲ. ತಪ್ಪು ನಂದು. ಟ್ರಿಗರ್ ಕೆಡಿಸಿದಾಂವ ನಾನು. ಗೊತ್ತಿದ್ದೂ ಅವರ ಕೈಗೆ ಕೊಟ್ಟೆ. ಆಮ್ಯಾಲ ಅವರ ಕೈ ನಡಗತಾವು ಅಂತ ಸುಳ್ಳು ಹೇಳಿದೆ."

ನಗೆ ನಿಂತಿತು. ಆಮೇಲೆ ಭೀಮಸೇನ ಮೆಚ್ಚಿ ತಲೆದೂಗಿದ. "ನೋಡ್ರಿ, ಅಳಿಯ ಅಂದ್ರ ಹಿಂಗಿರಬೇಕು! ಮಾವನ ಮರ್ಯಾದಿ ಉಳಸಾಕ ತಪ್ಪು ತನ್ನ ಮ್ಯಾಲ ಹಾಕ್ಕೊಂಡ." "ಖರೇನಪಾ," ಎಂದರು ಇನ್ಯಾರೋ. ಒಬ್ಬ ಹೆಂಗಸು ಶೀತಲ್‌ಳ ಬೆನ್ನು ಸವರಿ, "ಪುಣ್ಯಾ ಮಾಡಿದ್ದಿ" ಎಂದಳು.

ಚಿದಾನಂದ ಸುತ್ತಲೂ ನೋಡಿದ. "ಇಲ್ರಿ, ಹಂಗಲ್ರಿ" ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಹೊಗಳಿಕೆಯ ನಡುವೆ ಅವನು ಪೆಟ್ಟು ತಿಂದವನ ಹಾಗೆ ನಿಂತಿದ್ದ. ಮಾಸ್ತರರಿಗೆ ಅವನ ಮುಖ ನೋಡಲಾಗಲಿಲ್ಲ. ಈಗ ತಾವು ಸುಮ್ಮನಿದ್ದರೆ ಅವನಿಗೆ ಒಳ್ಳೆಯ ಹೆಸರು, ಮಗಳ ಮನೆಗೂ ಮರ್ಯಾದೆ. ಆದರೆ ಅಷ್ಟು ಕಷ್ಟಪಟ್ಟು ಅವನು ಆಡಿದ ನಿಜ ಮಾತು ಮತ್ತೊಂದು ಸುಳ್ಳಾಗಿ ಉಳಿಯುತ್ತಿತ್ತು.

"ಭೀಮಸೇನ," ಎಂದರು ಮಾಸ್ತರರು, ತರಗತಿಯಲ್ಲಿ ಕರೆಯುವಷ್ಟು ಗಟ್ಟಿಯಾಗಿ. "ಅವರು ಹೇಳಿದ್ದು ಖರೇ ಐತಿ. ನನ್ನ ಬೆರಳು ಟ್ರಿಗರ್ ಮ್ಯಾಲ ಇರಲಿಲ್ಲ."

ಈ ಸಲ ಯಾರೂ ತಲೆದೂಗಲಿಲ್ಲ. ಭೀಮಸೇನ ತಟ್ಟೆಯಲ್ಲಿದ್ದ ಹೋಳಿಗೆಯನ್ನು ಮುರಿದು, ತಿನ್ನದೆ ಹಾಗೇ ಇಟ್ಟ. ಯಾರೋ "ಸಾರು ಯಾರಿಗೆ ಬೇಕ್ರಿ?" ಎಂದು ಕೇಳಿದರು. ಬೇರೆ ಮಾತುಗಳು ಅಲ್ಲೊಂದು ಇಲ್ಲೊಂದು ಶುರುವಾದವು. ತಮ್ಮ ಎದೆ ಹಗುರಾಗುತ್ತದೆ ಎಂದುಕೊಂಡಿದ್ದರು ಮಾಸ್ತರರು. ಹಾಗಾಗಲಿಲ್ಲ. ಮಗಳ ಗಂಡ ನಾಲ್ಕು ಜನರ ನಡುವೆ ತಲೆತಗ್ಗಿಸಿ ನಿಂತದ್ದು ನೋಡಿ, ಅರ್ಧ ಊಟಕ್ಕೇ ತಟ್ಟೆ ಸರಿಸಿದರು.

ಊಟ ಮುಗಿದು ಜನ ಚದುರಿದರು. ಯಾವಾಗಲೂ ಚಿದಾನಂದನ ಹತ್ತಿರ ನಿಂತು ಮಾತಾಡುವವರು ಈ ಸಲ ನಿಲ್ಲಲಿಲ್ಲ. ಅವನೊಬ್ಬನೇ ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸುತ್ತಿದ್ದ. ಮಾಸ್ತರರು ಅಂಗಿಯ ತೋಳು ಮಡಿಸಿಕೊಂಡು ಹೋಗಿ ಉದ್ದದ ಮೇಜಿನ ಒಂದು ತುದಿ ಹಿಡಿದರು.

"ಬ್ಯಾಡ್ರಿ ಮಾವಾರ, ಭಾರ ಐತಿ."

"ಆ ಕಡೆ ಹಿಡೀರಿ," ಎಂದರು ಮಾಸ್ತರರು. ಇನ್ನೂ ಅವನ ಮುಖ ನೋಡದೆಯೇ. "ಬಾಗಲ ಸಣ್ಣದೈತಿ. ಓರೆ ಮಾಡಿ ಒಯ್ಯಬೇಕು."

ಇಬ್ಬರೂ ಮೇಜನ್ನು ಎತ್ತಿಕೊಂಡು, ಒಬ್ಬರ ಹೆಜ್ಜೆಗೆ ಇನ್ನೊಬ್ಬರು ಹೆಜ್ಜೆ ಹೊಂದಿಸಿಕೊಳ್ಳುತ್ತ, ಉಗ್ರಾಣದ ಕಡೆ ನಡೆದರು.